ತಾಂಡೇಲ ಮಾಮನ ತಿಮಿಂಗಿಲದ ಅರ್ಜಿ

ತಾಂಡೇಲ ಮಾಮನ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ದಂಡೆಯ ಮೇಲೆ ಇಳಿಬಿಸಿಲಿಗೆ ಎದುರಾಗಿ ನಿಂತು, ಬಂಗಡೆ ಹಿಂಡಿನ ಕಪ್ಪು ನೆರಳು ನೀರಿನ ಮೇಲೆ ಎಲ್ಲಿ ಬಿದ್ದಿದೆ ಎಂದು ಹುಡುಕಿ ಹುಡುಕಿ ಆ ರೆಪ್ಪೆ ಅಲ್ಲೇ ನಿಂತುಬಿಟ್ಟಿತ್ತು. ಗೊತ್ತಿಲ್ಲದವರಿಗೆ ಅವರು ಕಣ್ಣು ಹೊಡೆಯುತ್ತಿದ್ದಾರೆ ಅನಿಸುತ್ತಿತ್ತು. ಒಮ್ಮೆ ನನ್ನ ಅಂಗಡಿಯಲ್ಲಿ ಯಾವುದೋ ಆಫೀಸಿನ ಹೆಂಗಸೊಬ್ಬರು ಇದನ್ನು ತಪ್ಪು ತಿಳಿದು ಮುಖ ಕೆಂಪು ಮಾಡಿಕೊಂಡು ಎದ್ದು ನಿಂತರು. ಮಾಮ ಗಾಬರಿಯಾಗಲಿಲ್ಲ. "ಬಾಯಿ, ಈ ಕಣ್ಣು ನಿಮ್ಮ ಸಲ್ವಾಗಿ ಮುಚ್ಚಿದ್ದಲ್ಲ. ಬಂಗ್ಡಿ ಸಲ್ವಾಗಿ ಮುಚ್ಚಿದ್ದು. ನೀವು ಹುಟ್ಟೂಕೂ ಮೊದ್ಲೇ ಮುಚ್ಚಿತ್ತು" ಎಂದರು. ಆ ಹೆಂಗಸು ನಕ್ಕು ಕೂತರು.

ತಾಂಡೇಲ ಎಂದರೆ ದೋಣಿಯ ಮುಖಂಡ. ರಂಪಣಿ ಎಂಬ ದೊಡ್ಡ ಬಲೆಯ ಕಾಲದಲ್ಲಿ ಅದನ್ನು ಯಾವಾಗ ಬಿಡಬೇಕು, ಯಾವಾಗ ಎಳೆಯಬೇಕು ಎಂಬ ಮಾತು ಅವನದೇ. ಮಾಮ ಚಿಕ್ಕ ವಯಸ್ಸಿಗೇ ತಾಂಡೇಲರಾದವರು. ರಂಪಣಿ ನಿಂತುಹೋಯಿತು, ಊರೂ ಹೋಯಿತು, ಹೆಸರು ಮಾತ್ರ ಉಳಿಯಿತು. ನಮ್ಮ ಮನೆ, ಅವರ ಮನೆ ಎರಡೂ ಚೆಂಡಿಯಾ ಎಂಬ ಊರಿನ ಕಡೆ ಸಮುದ್ರಕ್ಕೆ ಮುಖ ಮಾಡಿಕೊಂಡು ಇದ್ದವು. ನೌಕಾನೆಲೆಗೆ ಜಾಗ ಹೋದ ಮೇಲೆ ಎಲ್ಲರೂ ತೋಡೂರಿನ ಪುನರ್ವಸತಿ ಕಾಲೊನಿಗೆ ಬಂದೆವು. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಪಡುಗಾಳಿ ಎದ್ದ ದಿನ ವಾಸನೆ ಬರುತ್ತದೆ, ಅಷ್ಟೆ. ಮಾಮ ಆ ದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪಶ್ಚಿಮಕ್ಕೆ ತಿರುಗಿ ಕೂರುತ್ತಿದ್ದರು. ಎದುರಿಗೆ ಇದ್ದದ್ದು ನಮ್ಮ ಮನೆಯ ಹಿಂಬದಿಯ ಗೋಡೆ. ನನ್ನ ತಾಯಿ ಬಟ್ಟೆ ಒಣಹಾಕಲು ಹೊರಗೆ ಬಂದರೆ "ಸ್ವಲ್ಪ ಸರಿ ತಂಗಿ, ದರ್ಯಾ ಕಾಣೂದಿಲ್ಲ" ಎನ್ನುತ್ತಿದ್ದರು. ದರ್ಯಾ ಎಂದರೆ ಸಮುದ್ರ. ನಾವೆಲ್ಲ ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ನಾನು ಕಾರವಾರದ ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಡುತ್ತೇನೆ ಎಂದಾಗ ಕಾಲೊನಿಯವರು ಆಡಿಕೊಂಡರು. ಹೆಣ್ಣುಮಗಳು ಬಸ್ ಸ್ಟ್ಯಾಂಡಿನಲ್ಲಿ ಕೂತು ಮಷಿನ್ ತಿರುಗಿಸುವುದೆಂದರೇನು ಎಂದರು. ಮೊದಲ ದಿನ ಮೊದಲ ಗಿರಾಕಿಯಾಗಿ ಬಂದವರು ಮಾಮ. ಝೆರಾಕ್ಸ್ ಮಾಡಿಸಲು ಅವರ ಹತ್ತಿರ ಏನೂ ಇರಲಿಲ್ಲ. ಕಿಸೆ ತಡಕಾಡಿ ಹಳೆಯ ಬಸ್ ಪಾಸು ತೆಗೆದು, "ಇದ್ರದ್ದೇ ಒಂದು ತೆಗಿ. ಮಷಿನ್ ಸಮಾ ನಡೀತದ್ಯಾ ನೋಡ್ವ" ಎಂದರು. ತೆಗೆದುಕೊಟ್ಟ ಪ್ರತಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ನನ್ನ ಮೋರೆ ನನಗಿಂತ ಚಲೋ ಬಂದದೆ" ಎಂದು ಹೊಗಳಿ ಹೋದರು. ಅಂದಿನಿಂದ ನಾನು ಅವರಿಗೆ 'ಕಾರಕೂನ ಬಾಯಿ', ಗುಮಾಸ್ತೆಯಮ್ಮ ಆದೆ. ಕಾರವಾರದ ಪೇಟೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಫ್ಯಾನಿನ ಕೆಳಗೆ ಕೂರುತ್ತಿದ್ದರು. ಯಾರಾದರೂ ಕೊಟ್ಟ ಶೇವಟೆ ಮೀನನ್ನು ಕಾಗದದಲ್ಲಿ ಸುತ್ತಿ ನನ್ನ ಮೇಜಿನ ಕೆಳಗೆ ಇಟ್ಟು, ಹೇಳದೇ ಹೋಗುತ್ತಿದ್ದರು. ಸಂಜೆಯ ಹೊತ್ತಿಗೆ ಗಿರಾಕಿಗಳು ಮೂಗು ಮುಚ್ಚಿಕೊಂಡಾಗಲೇ ನನಗೆ ಗೊತ್ತಾಗುತ್ತಿದ್ದುದು.

ತಿಮಿಂಗಿಲದ ಹುಚ್ಚು ಅವರಿಗೆ ಹಿಡಿದದ್ದು ಕಾರವಾರದ ಕಡಲತೀರದಲ್ಲಿ, ಒಂದು ಭಾನುವಾರ ಸಂಜೆ. ಗೋವಾದ ಕಡೆಯಿಂದ ಬಂದ ಕೆಲವು ಹುಡುಗ ಹುಡುಗಿಯರು ಮರಳಿನ ಮೇಲೆ ರಟ್ಟಿನ ದೊಡ್ಡ ತಿಮಿಂಗಿಲ ನಿಲ್ಲಿಸಿ, ಮೇಜು ಹಾಕಿ, ಬಂದವರಿಂದ ಸಹಿ ತೆಗೆದುಕೊಳ್ಳುತ್ತಿದ್ದರಂತೆ. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯಾಡಬಾರದು ಎಂದು ದೇಶದೇಶಗಳು ಸೇರಿ ಮಾಡಿದ ಕಟ್ಟಳೆ ಇದೆ, ಕೆಲವು ದೇಶಗಳು ಅದನ್ನು ಒಪ್ಪದೆ ಇನ್ನೂ ಬೇಟೆಯಾಡುತ್ತಿವೆ, ಅದನ್ನು ನಿಲ್ಲಿಸಬೇಕು ಎಂದು ಅವರು ಹೇಳಿದ್ದು. ಮಾಮ ಅಲ್ಲಿ ಕಡಲೆ ತಿನ್ನುತ್ತಾ ನಿಂತವರು ಕಡಲೆ ಬಿಟ್ಟು ಕೇಳಿದ್ದಾರೆ. ಮರುದಿನ ನಾನು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು.

"ಹಡಗಿನ ಮುಂದೆ ತೋಪು ಅದೆಯಂತೆ ಮಾರಾಯ್ತಿ! ಬೆನ್ನಟ್ಟಿ ಹೊಡಿತಾರಂತೆ. ಎಂತಕ್ಕೆ? ಕೊಯ್ದು ಮಾರೂಕೆ!"

ನಾನು ಶಟರ್ ಎತ್ತುತ್ತಾ ನಕ್ಕೆ. "ನೀವು ಹಿಡ್ದ ಬಂಗ್ಡಿ ಎಂತ, ಕಾಶಿಗೆ ಹೋಯ್ತಾ ಮಾಮ?"

ಯಾವಾಗಲೂ ನನ್ನ ಮಾತಿಗೆ ಒಂದು ಮಾತು ಸೇರಿಸುತ್ತಿದ್ದವರು ಅಂದು ನಗಲಿಲ್ಲ. "ಅದು ಬೇರೆ, ಇದು ಬೇರೆ. ನೀ ಕೂತ್ಕ. ಬರಿ" ಎಂದರು. ಆ ಹುಡುಗರು ತಮ್ಮ ವಿಳಾಸ ಕೊಟ್ಟು, ಮೀನುಗಾರರೇ ಬರೆದ ಅರ್ಜಿ ಬಂದರೆ ಅದಕ್ಕೆ ಹೆಚ್ಚು ತೂಕ ಎಂದಿದ್ದರಂತೆ. ಅರ್ಜಿ, ಅದರ ಕೆಳಗೆ ನಮ್ಮ ದಂಡೆಯವರ ಸಹಿ. ಮಾಮ ಅದನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು.

ನಾನು ಕೂತು ಬರೆದೆ. ಆಗ ನನಗೆ ಅರ್ಜಿಯೆಂದರೆ ದೊಡ್ಡ ಮಾತು ಇರಬೇಕು ಎಂಬ ಭ್ರಮೆ. 'ಸಮಸ್ತ ಜೀವಸಂಕುಲದ ಸಂರಕ್ಷಣೆಯು ಮಾನವ ಕುಲದ ಆದ್ಯ ಕರ್ತವ್ಯವಾಗಿರುವ ಹಿನ್ನೆಲೆಯಲ್ಲಿ' ಎಂದು ಶುರುಮಾಡಿ ಓದಿ ಹೇಳಿದೆ. ಮಾಮ ಪೂರ್ತಿ ಕೇಳಿದರು.

"ಇದ್ನ ಯಾರು ಹೇಳಿದ್ದು?"

"ನೀವೇ ಮಾಮ."

"ನಾ ಹೇಳ್ಲಿಲ್ಲ. ನಂಗೆ ಹೀಂಗೆಲ್ಲ ಹೇಳೂಕೆ ಬತ್ತಿಲ್ಲ. ನಾ ಹೇಳಿದ್ದು ಬರಿ."

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಅವರ ಮಾತನ್ನು ಬರವಣಿಗೆಗೆ ತಂದದ್ದು ಮಾತ್ರ ನನ್ನ ಕೆಲಸ. 'ನಾವು ಮೀನು ಹಿಡಿದು ಬದುಕುವ ಜನ. ಯಾರಿಗೂ ಹಿಡಿಯಬೇಡಿ ಎಂದು ಹೇಳುವ ಜನ ಅಲ್ಲ. ಆದರೂ ಇದೊಂದನ್ನು ಬಿಡಿ ಎಂದು ಕೇಳುತ್ತೇವೆ. ಅದು ಮರಿಗೆ ಹಾಲು ಕೊಡುತ್ತದೆ. ಮರಿಯನ್ನು ಬಿಟ್ಟು ಹೋಗುವುದಿಲ್ಲ. ನಮ್ಮ ನೀರಿಗೆ ಬಂದಾಗ ನಾವೂ ಅದನ್ನು ಬಿಡುತ್ತೇವೆ.' ಇಷ್ಟೇ. ಕೊನೆಯ ಸಾಲು ಹೇಳುವಾಗ ಮಾಮ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಬೀಡಿ ಹಚ್ಚಲು ಹೋದರು ಅಂದುಕೊಂಡೆ.

ಆ ಅರ್ಜಿಯ ನಂತರ ನಾನು ಬೇರೆಯವರಿಗೆ ಬರೆದುಕೊಡುವ ಅರ್ಜಿಗಳೂ ಬದಲಾದವು. ವೃದ್ಧಾಪ್ಯ ವೇತನ, ರೇಷನ್ ಕಾರ್ಡು, ಜಾಗದ ಪರಿಹಾರ, ಏನೇ ಇರಲಿ, ಬಂದವರ ಬಾಯಲ್ಲಿ ಬಂದದ್ದನ್ನೇ ಬರೆಯಲು ಕಲಿತೆ. ಅಂಕೋಲೆಯಿಂದಲೂ ಜನ ಅರ್ಜಿ ಬರೆಸಲು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಮನೆ ನಡೆಯುವುದು ಅದರಿಂದಲೇ. ಈ ಋಣವನ್ನು ಮಾಮನ ಮುಂದೆ ಹೇಳಿದ್ದರೆ "ಹೋಗೇ, ಬೆಣ್ಣಿ ಹಚ್ಚಬ್ಯಾಡ" ಎನ್ನುತ್ತಿದ್ದರು.

ಅರ್ಜಿ ಸುಲಭ, ಸಹಿ ಕಷ್ಟ. ನಮ್ಮ ಕಾಲೊನಿಯಲ್ಲಿ ಸಹಿ ಎಂಬ ಮಾತಿಗೇ ಜನ ಹೆದರುತ್ತಾರೆ. ಊರು ಹೋದದ್ದು ಕಾಗದದ ಮೇಲೆ ತಾನೆ. ಎಲ್ಲರೂ ಎಲ್ಲೋ ಒಂದು ಕಡೆ ಸಹಿ ಹಾಕಿದವರೇ, ಇಲ್ಲವೇ ಹೆಬ್ಬೆಟ್ಟು ಒತ್ತಿದವರೇ. ಮಾಮ ಕಾಗದ ಹಿಡಿದು ಬಂದರೆ ಹೆಂಗಸರು ಒಳಗೆ ಹೋಗಿ "ಗಂಡಸ್ರು ಮನೇಲಿಲ್ಲ" ಎನ್ನುತ್ತಿದ್ದರು. ಗಂಡಸರು ಹಿತ್ತಲಿನಿಂದ ಕೆಮ್ಮುವುದು ಕೇಳುತ್ತಿತ್ತು. ಅದು ಸಾಲದು ಎಂಬಂತೆ ಆ ವರ್ಷಗಳಲ್ಲೇ ಅತ್ತರಿಗೆ ಬಳಸುವ ತಿಮಿಂಗಿಲದ ವಾಂತಿಯನ್ನು ಕದ್ದು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಕರಾವಳಿಯ ತುಂಬ ಹರಡಿತ್ತು. ತಿಮಿಂಗಿಲ ಎಂದರೆ ಪೊಲೀಸರು, ಜೀಪು, ಜೈಲು ಎಂದಾಗಿತ್ತು. ಕೇಣಿಯ ದಂಡೆಯಲ್ಲಿ ಒಬ್ಬ ಮಾಮನ ಕೈಯಿಂದ ಕಾಗದ ಇಸಿದುಕೊಂಡು ಮೊದಲ ಸಾಲು ಓದಿದವನೇ ಬಿಸಿ ಹಂಚು ಮುಟ್ಟಿದವನಂತೆ ತಿರುಗಿ ಕೊಟ್ಟನಂತೆ. "ಮಾರಾಯ, ಇದ್ರಲ್ಲಿ ನನ್ನ ಹೆಸ್ರು ಇದ್ರೆ ನಾಳೆ ಅರಣ್ಯ ಇಲಾಖೆಯವ್ರು ನಮ್ಮನಿ ಅಟ್ಟ ಹುಡ್ಕೂಕೆ ಬತ್ತಾರೆ!"

ಕೆಲವರು ನೇರವಾಗಿಯೇ ಕೇಳುತ್ತಿದ್ದರು. ನಮ್ಮ ಬಂಗಡೆಯನ್ನು ದೊಡ್ಡ ಬೋಟಿನವರು ಗುಡಿಸಿಕೊಂಡು ಹೋಗುವಾಗ ಯಾರು ಸಹಿ ಹಾಕಿದರು, ಈಗ ಯಾವುದೋ ದೇಶದ ಯಾವುದೋ ಮೀನಿಗೆ ನಮ್ಮ ಸಹಿ ಏಕೆ? ಮಾಮ "ಹೌದು, ಅದೂ ತಪ್ಪೇ" ಎಂದು ಒಪ್ಪಿಕೊಂಡು, ಕೊಟ್ಟರೆ ಚಹಾ ಕುಡಿದು, ಮುಂದಿನ ಮನೆಗೆ ಹೋಗುತ್ತಿದ್ದರು.

ಸಹಿ ಕೊಟ್ಟವರು ಯಾರೆಂದರೆ, ಒಂದು, ಕಾರವಾರದ ಮೀನು ಮಾರ್ಕೆಟ್ಟಿನ ಹೆಂಗಸರು. ಅವರಿಗೆ ಅರ್ಜಿ ಪೂರ್ತಿ ಓದಿ ಹೇಳಬೇಕಾಗಲಿಲ್ಲ. ಹಾಲು ಕೊಡುತ್ತದೆ ಎಂಬ ಸಾಲಿಗೆ ಬರುವಷ್ಟರಲ್ಲೇ ಒಬ್ಬಳು ಕೈಗೆ ಅಂಟಿದ ಮೀನಿನ ಹುರುಪೆ ಸೀರೆಗೆ ಒರೆಸಿಕೊಂಡು "ಹಾಲು ಕುಡೂ ಮರಿ ಅದೆ ಅಂದ್ರೆ ಸಾಕು. ಹಿಡಿ ಇಲ್ಲಿ ಪೆನ್ನು" ಎಂದಳು. ಆ ಹಾಳೆಗಳಿಗೆ ಈಗಲೂ ಮೀನಿನ ವಾಸನೆ ಇದ್ದೀತು. ಇನ್ನೊಂದು, ಹಿಲ್ಲೂರಿನವರು. ಮಾಮನ ಮಗಳನ್ನು ಕೊಟ್ಟದ್ದು ಹಿಲ್ಲೂರಿಗೆ, ಅಂಕೋಲೆಯಿಂದ ಒಳಗೆ, ಕಾಡಿನ ನಡುವೆ. ಅಲ್ಲಿಗೆ ಹೋದಾಗ ಅರ್ಜಿಯನ್ನೂ ಒಯ್ದಿದ್ದರು. ಅಲ್ಲಿಯ ಮುದುಕಿಯೊಬ್ಬಳು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳಂತೆ.

"ಅದು ಗದ್ದಿಗೆ ಬತ್ತದ್ಯೋ?"

"ಇಲ್ವೇ. ಅದು ಸಮುದ್ರದಲ್ಲಿರೂದು."

"ಗದ್ದಿಗೆ ಬತ್ತಿಲ್ಲ ಅಂದ್ರೆ ಇರ್ಲಿ ಪಾಪ. ಅದ್ನ ಎಂತಕ್ಕೆ ಕೊಲ್ಲೂದು?"

ಹಂದಿ, ಮಂಗಗಳ ಕಾಟದಲ್ಲಿ ಬೇಸತ್ತ ಊರು ಅದು. ಗದ್ದೆಗೆ ಬಾರದ ಪ್ರಾಣಿ ಇದೆ ಎಂಬ ಸಂತೋಷಕ್ಕೇ ಮನೆಮಂದಿಯೆಲ್ಲ ಸಹಿ ಹಾಕಿದರು. ಮಾಮ ಈ ಕಥೆಯನ್ನು ಹೇಳುವಾಗ ಕೆಮ್ಮು ಬರುವಷ್ಟು ನಗುತ್ತಿದ್ದರು. ಕೊನೆಗೆ ನಗು ನಿಂತು, "ಸಮುದ್ರ ಕಾಣದವ್ರು ಹಾಕಿದ್ರು. ಕಂಡವ್ರು ಹಾಕೂದಿಲ್ಲ" ಎನ್ನುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ನಮ್ಮ ಹಳೆಯ ಊರಿನವರ ಸಹಿ. ಅದರಲ್ಲೂ ಒಂದೇ ರಂಪಣಿ ಎಳೆದವರದ್ದು. ಬದುಕಿ ಉಳಿದವರ ಮನೆಗಳಿಗೆ ಮತ್ತೆ ಮತ್ತೆ ಹೋಗುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಆದರೆ ಒಂದು ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಅದು ಅವರ ಸ್ವಂತ ಅಣ್ಣನ ಮನೆ. ಒಂದೇ ಓಣಿ, ಇವರದು ಈ ತುದಿ, ಅಣ್ಣನದು ಆ ತುದಿ. ಜಗಳ ಏನೂ ಇರಲಿಲ್ಲ. ಮದುವೆ, ಬಾಣಂತನ, ಹಂಚು ಸೋರುವುದು, ಎಲ್ಲದಕ್ಕೂ ಹೋಗಿ ಬಂದು ಮಾಡುತ್ತಿದ್ದರು. ಅರ್ಜಿ ಕೈಯಲ್ಲಿದ್ದರೆ ಮಾತ್ರ ಆ ಮನೆಯ ಮುಂದಿನಿಂದ ನೆಲ ನೋಡುತ್ತಾ ದಾಟುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಷಿನ್ ನಿಂತಿತ್ತು. ಮಾಮ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದರು. ನಾನು ಕೇಳಿಯೇಬಿಟ್ಟೆ. "ಊರೆಲ್ಲ ಸುತ್ತಿದ್ರಿ. ಅಣ್ಣನ ಹತ್ರ ಎಂತಕ್ಕೆ ಕೇಳೂದಿಲ್ಲ?"

ಮಾಮ ರಂಪಣಿಯ ಕಾಲದ ಒಂದು ಕಥೆ ಹೇಳಿದರು. ರಂಪಣಿಯ ರೀತಿ ಗೊತ್ತಿಲ್ಲದಿದ್ದರೆ ಅದು ಅರ್ಥವಾಗುವುದಿಲ್ಲ. ಸಮುದ್ರದಲ್ಲಿ ಮೀನಿನ ಹಿಂಡನ್ನು ಸುತ್ತುವರಿದು ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ದಂಡೆಯಿಂದ ಎಳೆಯುವ ಬಲೆ ಅದು. ಒಬ್ಬರ ಸೊತ್ತಲ್ಲ. ಒಂದೊಂದು ಮನೆಯವರು ಮಳೆಗಾಲದಲ್ಲಿ ಒಂದೊಂದು ತುಂಡು ನೇಯ್ದು ತರುತ್ತಿದ್ದರು. ತುಂಡಿಗೆ ತುಂಡು ಹುರಿಯಿಂದ ಹೊಲಿದರೆ ರಂಪಣಿ. ಯಾರ ತುಂಡು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ತುಂಡು ಇದ್ದವರಿಗೆ ಮೀನಿನಲ್ಲಿ ಪಾಲು. ತುಂಡು ಹರಿದರೆ ಸರಿಮಾಡಿ ತರುವವರೆಗೆ ಪಾಲಿಲ್ಲ.

ಮಾಮ ತಾಂಡೇಲರಾದ ಹೊಸದು. ಬಂಗಡೆ ಹಿಂಡಿಗೆ ಬಲೆ ಬಿಟ್ಟು ಎಳೆಯುವಾಗ ಬಲೆಯೊಳಗೆ ಕಪ್ಪು ಬೆನ್ನೊಂದು ಎದ್ದಿತು. ಕೊಂಕಣಿಯಲ್ಲಿ ದೇವಮಾಸೊ ಎನ್ನುತ್ತಾರೆ, ತಿಮಿಂಗಿಲದ ಮರಿ. ಮರಿಯೆಂದರೂ ಒಂದು ಸಣ್ಣ ದೋಣಿಯಷ್ಟು.

"ಹೊರಗೆ ತಾಯಿ" ಎಂದರು ಮಾಮ. "ಬಲೆ ಹತ್ರ ಬರೂದು, ನೀರು ಹಾರ್ಸೂದು, ತಿರ್ಗೂದು, ಮತ್ತೆ ಬರೂದು. ಒಳಗೆ ಇದು ಬಲೆಗೆ ಸುತ್ಕಂಡು ಉಸಿರಿಗೆ ಮೇಲೆ ಬರೂಕೆ ಆತಿಲ್ಲ. ನಾನೂ ಅಣ್ಣನೂ ಪಾತಿದೋಣಿ ತಗಂಡು ಬಲೆ ಹತ್ರ ಹೋದ್ವಿ. ಕೊಯ್ದು ಬಿಡ್ಬೇಕು, ಅಷ್ಟೇ. ಯಾರ ತುಂಡು ಕೊಯ್ಯೂದು?"

ಅಲ್ಲಿ ಶುರುವಾಯಿತಂತೆ. ಮರಿ ಸಿಕ್ಕಿಕೊಂಡಿದ್ದ ಜಾಗದಲ್ಲಿ ಇದ್ದದ್ದು ಅಣ್ಣನ ಹೊಸ ತುಂಡು. ಅತ್ತಿಗೆ ಮೊದಲ ಬಸುರಿನಲ್ಲಿ ಮಳೆಗಾಲವಿಡೀ ಕೂತು ನೇಯ್ದದ್ದು. ಪಕ್ಕದ್ದು ಬೇರೆ ಮನೆಯವರದ್ದು. ಅವರು ದಂಡೆಯಿಂದ ನಮ್ಮದು ಮುಟ್ಟಬೇಡಿ ಎಂದು ಕೂಗಿದರು. ಸ್ವಲ್ಪ ಎಳೆದರೆ ಮರಿ ಆಚೆಯವರ ತುಂಡಿಗೆ ಬರುತ್ತದೆ, ಆಗ ಕೊಯ್ಯಿರಿ ಎಂದು ಇನ್ನೊಬ್ಬರು. ಆಚೆಯವರು ಹಗ್ಗ ಸಡಿಲ ಬಿಟ್ಟರು. ದಂಡೆಯ ತುಂಬ ಕೂಗಾಟ.

"ತುಂಡು ಕೊಯ್ಯೂದೇ ಬ್ಯಾಡ ಆಗಿತ್ತು" ಎಂದರು ಮಾಮ. "ಎರಡು ತುಂಡಿನ ನಡುವಿನ ಹೊಲಿಗೆ ಕೊಯ್ದಿದ್ರೆ ಸಾಕಿತ್ತು. ಬರೇ ಹುರಿ. ಯಾರಿಗೂ ಲುಕ್ಸಾನಿಲ್ಲ. ನಂಗೆ ಅದು ಗೊತ್ತಿತ್ತು. ಚೂರಿ ಕೈಲಿತ್ತು. ನಾ ತಾಂಡೇಲ, ನಂಗೆ ಯಾರ್ನೂ ಕೇಳೂದು ಬ್ಯಾಡ. ಕೈ ಏಳ್ಲಿಲ್ಲ."

"ಎಂತಕ್ಕೆ ಮಾಮ?"

"ಏಳ್ಲಿಲ್ಲ" ಎಂದರು ಮತ್ತೆ. ಹಾಳೆ ಬೀಸುವುದನ್ನು ನಿಲ್ಲಿಸಿದ್ದರು. "ಕೂಗಾಟ ಮುಗಿಯೂದ್ರೊಳಗೆ ಅದು ಸತ್ತಿತ್ತು. ದಂಡೆಗೆ ತಂದು ಕೊಬ್ಬು ಕುದ್ಸಿ ಎಣ್ಣೆ ತೆಗೆದ್ರು, ದೋಣಿಗೆ ಹಚ್ಚೂಕೆ. ಮನೆಮನೆಗೂ ಪಾಲು. ಅದ್ರಲ್ಲಿ ಮಾತ್ರ ಯಾರ ಜಗಳೂ ಇಲ್ಲ. ಮರುದಿನ ಬೆಳಿಗ್ಗೆ ನೋಡ್ತೆ, ತಾಯಿ ಅಲ್ಲೇ ಅದೆ. ನಮ್ಮ ಎಣ್ಣೆ ಹಂಡೆ ಹೊಗೆ ಏಳ್ತದೆ, ಅದು ಅಲ್ಲಿ ನೀರು ಹಾರ್ಸ್ತದೆ."

ಅಣ್ಣನ ಮನೆಗೆ ಹೋಗದಿರುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. "ಈ ಕಾಗ್ದ ಹಿಡ್ಕಂಡು ಅಲ್ಲಿ ಹೋದ್ರೆ, ಅಣ್ಣಾ, ನಿನ್ನ ತುಂಡಿನ ಸಲ್ವಾಗಿ ಅದು ಸತ್ತಿದ್ದು ಅಂತ ಹೇಳೂಕೆ ಹೋದಂಗೆ ಆತದೆ. ಅತ್ತಿಗೆ ಅಲ್ಲೇ ಕೂತಿರ್ತಾಳೆ. ತಪ್ಪು ನಂದು. ಅವನ್ನ ಎಂತಕ್ಕೆ ಕೇಳೂದು? ನೀನೂ ಅಲ್ಲಿ ಏನೂ ಹೇಳ್ಬ್ಯಾಡ." ಹೇಳುವುದಿಲ್ಲ ಎಂದೆ. ಕರೆಂಟು ಬಂತು, ಮಷಿನ್ ಗುರ್ ಎಂದಿತು. ಮಾಮ ಎದ್ದು ಹೋದರು.

ನಾರಳಿ ಹುಣ್ಣಿಮೆಯ ದಿನ ನಮ್ಮ ಕಡೆಯವರೆಲ್ಲ ಸಮುದ್ರಕ್ಕೆ ತೆಂಗಿನಕಾಯಿ ಕೊಡಲು ದಂಡೆಗೆ ಬರುತ್ತಾರೆ. ಹಳೆಯ ದಂಡೆಗೆ ಹೋಗುವಂತಿಲ್ಲವಾದ್ದರಿಂದ ಈಗ ಹಾರವಾಡದ ದಂಡೆಗೆ ಹೋಗುತ್ತೇವೆ. ಆ ವರ್ಷ ಪೂಜೆ ಮುಗಿದ ಮೇಲೆ ಮಾಮ ಎಲ್ಲರೆದುರು ನಿಂತು ಅರ್ಜಿಯನ್ನು ಬಾಯಿಪಾಠ ಹೇಳಿದರು. ಕಾಗದ ಹಿಡಿದು ಪಕ್ಕದಲ್ಲಿ ನಿಂತವಳು ನಾನು. ಹಿಂದಿನಿಂದ ಒಬ್ಬ ಕೂಗಿದ. "ಸಹಿ ಹಾಕಿ ಹಾಕಿ ಊರು ಕೊಟ್ವಿ ತಾಂಡೇಲ. ಈಗ ತಿಮಿಂಗ್ಲಕ್ಕೆ ಕಾಲೊನಿ ಕಟ್ಸಿ ಕೊಡ್ತ್ಯಾ?" ಜನ ನಕ್ಕರು. ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು.

ಮಾಮ ನಗು ನಿಲ್ಲುವವರೆಗೆ ಕಾದರು. "ಹೌದು, ಹಾಕಿದ್ವಿ. ನಾನೂ ಹಾಕಿದ್ದೆ. ನಾವು ಸಹಿ ಹಾಕೂದು ಬರೇ ಕೊಡೂಕೇ ಅಂತ ಆಯ್ತಲ್ಲ ಮಾರಾಯ್ರೆ. ಒಂದ್ಸಲ ಉಳ್ಸೂಕೂ ಹಾಕ್ವ."

ಆಮೇಲೆ ಯಾರೂ ನಗಲಿಲ್ಲ. ಒಬ್ಬ ಬಂದ, ಇನ್ನೊಬ್ಬ ಬಂದ. ಹಳೆಯ ರಂಪಣಿಯ ಮುದುಕರಲ್ಲಿ ಕೆಲವರೂ ಹಾಕಿದರು. ಮಾಮನ ಅಣ್ಣ ಸ್ವಲ್ಪ ದೂರದಲ್ಲಿ ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದರು. ಅವರು ಎರಡು ಹೆಜ್ಜೆ ಮುಂದೆ ಬಂದದ್ದನ್ನು ನಾನು ಕಂಡೆ. ಮಾಮನೂ ಕಂಡರು. ಕಂಡವರೇ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಆ ಬದಿಯ ಹೆಂಗಸರ ಕಡೆಗೆ ತಿರುಗಿಬಿಟ್ಟರು. ಅಣ್ಣ ನಿಂತಲ್ಲೇ ನಿಂತರು. ನಂತರ ತೆಂಗಿನಕಾಯಿಯನ್ನು ನೀರಿಗೆ ಬಿಟ್ಟು ಯಾರಿಗೂ ಕಾಯದೆ ಹೊರಟುಹೋದರು. ತಮ್ಮನ ಈ ಹುಚ್ಚಾಟ ಅವರಿಗೆ ಹಿಡಿಸಿಲ್ಲ ಎಂದೇ ನಾನು ತಿಳಿದೆ.

ಮುಂದಿನ ಬೇಸಿಗೆಯಲ್ಲಿ ಮಾಮನಿಗೆ ಉಬ್ಬಸ ಜೋರಾಯಿತು. ಅಂಗಡಿಗೆ ಬರುವುದು ನಿಂತಿತು. ಹಾಳೆಗಳನ್ನೆಲ್ಲ ಕಟ್ಟಿ, ಆ ಹುಡುಗರ ವಿಳಾಸಕ್ಕೆ ಕಳಿಸಲು ನನಗೆ ಹೇಳಿದರು. ಕಳಿಸಿ ಬಂದು ಹೇಳಿದೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನೋಡಲು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಮಾತಿಗೆ ಮಾತಿಗೆ ಉಸಿರು ಹುಡುಕಬೇಕಾಗಿತ್ತು.

"ಕಾರಕೂನ ಬಾಯಿ... ಅದ್ನ ಓದ್ತಾರಾ?"

"ಓದ್ತಾರೆ ಮಾಮ."

"ಕನ್ನಡ ಬತ್ತದ್ಯಾ ಅವ್ರಿಗೆ?"

"ಬರೂ ಜನ ಇಟ್ಕಂಡಿರ್ತಾರೆ."

ಸಮಾಧಾನವಾದಂತೆ ತಲೆಯಾಡಿಸಿದರು. ಹೊರಗೆ ಜಗಲಿಯ ಮೇಲೆ ಅವರ ಅಣ್ಣ ಕೂತಿದ್ದರು. ದಿನಾ ಬಂದು ಕೂರುತ್ತಾರೆ, ಒಳಗೆ ಬಂದರೆ ಮಳೆ, ಹಂಚು, ಔಷಧಿ ಇಷ್ಟೇ ಮಾತು ಎಂದು ಮಾಮನ ಹೆಂಡತಿ, ಅತ್ತೆ, ಹೇಳಿದರು. ಬೋಟುಗಳೆಲ್ಲ ದಂಡೆ ಸೇರಿ, ಸಮುದ್ರ ಯಾರಿಗೂ ಬೇಡವಾಗಿರುವ ಮಳೆಗಾಲದಲ್ಲಿ ಮಾಮ ತೀರಿಕೊಂಡರು. ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವರು ಅವರ ಅಣ್ಣ. ಅಷ್ಟು ವಯಸ್ಸಾದವರು ಬೇಡ ಎಂದರೂ ಕೇಳಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ದಿನ ಆ ಅಣ್ಣ ನನ್ನ ಅಂಗಡಿಗೆ ಬಂದರು. ಅದುವರೆಗೆ ಒಮ್ಮೆಯೂ ಬಂದವರಲ್ಲ. ಕೊಡೆ ಮಡಿಸಿ, ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತರು.

"ಆ ಕಾಗ್ದ ಅದ್ಯಾ?"

"ಯಾವುದು?"

"ತಿಮಿಂಗ್ಲದ್ದು."

"ಕಳಿಸಿ ಆಯ್ತಲ್ಲ ದೊಡ್ಡಪ್ಪ. ಮಾಮ ಇರುವಾಗ್ಲೇ."

ಅವರು ಕೊಡೆಯ ತುದಿಯಿಂದ ನೀರು ಬೀಳುವುದನ್ನೇ ನೋಡುತ್ತಿದ್ದರು. "ಎಲ್ಲರ ಮನಿಗೂ ಹೋದ" ಎಂದರು. "ಬೈದವ್ರ ಮನಿಗೂ ಹೋದ. ಹಿಲ್ಲೂರಿಗೂ ಹೋದ. ನಮ್ಮನಿ ಮೆಟ್ಲು ಹತ್ಲಿಲ್ಲ. ಇಂದು ಬತ್ತ, ನಾಳೆ ಬತ್ತ ಅಂತ ಕಾಯ್ದೆ. ದಂಡೀಲಿ ನಾನೇ ಮುಂದೆ ಬಂದೆ. ಮೋರೆ ತಿರ್ಗ್ಸಿದ. ನನ್ನ ಸಹಿ ಬ್ಯಾಡಾಗಿತ್ತು ಅವನಿಗೆ. ಅಲ್ದಾ?"

ಹೇಳಬಾರದು ಎಂದು ಮಾಮ ಹೇಳಿದ್ದರು. ಆದರೆ ಆ ಮುಖ ನೋಡಿಕೊಂಡು ಸುಮ್ಮನೆ ಕೂರಲು ನನಗೆ ಆಗಲಿಲ್ಲ. ಹಾಗಲ್ಲ ದೊಡ್ಡಪ್ಪ, ನಿಮಗೂ ದೊಡ್ಡಮ್ಮನಿಗೂ ನೋವಾಗುತ್ತದೆ ಎಂದು ಬರಲಿಲ್ಲ, ತಪ್ಪು ತನ್ನದೇ ಎಂದಿದ್ದರು, ಹೊಲಿಗೆ ಕೊಯ್ದರೆ ಸಾಕು ಎಂದು ಗೊತ್ತಿತ್ತಂತೆ, ಚೂರಿ ಕೈಯಲ್ಲೇ ಇತ್ತಂತೆ, ಕೈ ಏಳಲಿಲ್ಲವಂತೆ ಎಂದು ಎಲ್ಲವನ್ನೂ ಹೇಳಿದೆ.

ಅವರು ತಲೆ ಎತ್ತಿದರು. "ಕೈ ಏಳ್ಲಿಲ್ಲ ಅಂದ್ನಾ?"

"ಹೌದು."

"ಹಾಂಗೇ ಅಂದ್ನಾ?"

"ಎರಡು ಸಲ ಅಂದ್ರು."

 ಝೆರಾಕ್ಸಿಗೆ ಬಂದ ಒಬ್ಬನನ್ನು ನಾನು ಕೈಸನ್ನೆಯಲ್ಲೇ ಆಮೇಲೆ ಬಾ ಎಂದು ಕಳಿಸಿದೆ.

"ಎದ್ದಿತ್ತು" ಎಂದರು ದೊಡ್ಡಪ್ಪ. "ಅವನ ಕೈ ಎದ್ದಿತ್ತು. ಚೂರಿ ಹೊಲಿಗೆ ಮೇಲೆ ಇಟ್ಟಾಗಿತ್ತು. ನಂಗೆ ನನ್ನ ತುಂಡು ಕೊಯ್ತಾ ಅಂತ ಕಂಡ್ತು. ಹಿಡ್ದೆ. ಈ ಎರಡೂ ಕೈಲಿ ಹಿಡ್ದೆ. ಹೊಲಿಗೆ ಅಣ್ಣಾ, ಬರೇ ಹೊಲಿಗೆ, ಬಿಡೋ ಅಂದ. ನಾ ಬಿಡ್ಲಿಲ್ಲ. ಅದು ಒದ್ದಾಡೂದು ನಿಂತ ಮೇಲೇ ಬಿಟ್ಟದ್ದು. ದೋಣೀಲಿ ನಾವಿಬ್ರೇ. ದಂಡೆಯವ್ರಿಗೆ ಕಾಣ್ಲಿಲ್ಲ. ಊರವ್ರೆದ್ರು ಹೇಳ್ತಾ ಅಂತ ಹೆದ್ರಿದ್ದೆ. ಹೇಳ್ಲಿಲ್ಲ. ಕಡೆಗೆ ನಂಗಾದ್ರೂ ಬೈತಾ ಅಂತ ಕಾಯ್ದೆ. ಬೈಲೂ ಇಲ್ಲ."

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಅಣ್ಣನಿಗೆ ನೋವಾಗಬಾರದು ಎಂದು ಒಂದು ಓಣಿಯುದ್ದ ನಡೆಯದೆ ಇದ್ದುಬಿಟ್ಟರಲ್ಲ ಮಾಮ! ಆ ನಡೆಯದಿದ್ದದ್ದೇ ಇಲ್ಲಿ ಒಬ್ಬ ಮುದುಕನನ್ನು ಅಷ್ಟು ವರ್ಷ ತಿಂದಿತ್ತು. ಬಂದು ಬೈದಿದ್ದರೆ, ಕಾಗದ ಮುಂದೆ ಹಿಡಿದು ಹಾಕು ಎಂದಿದ್ದರೆ, ಇಬ್ಬರಿಗೂ ಹಗುರಾಗುತ್ತಿತ್ತು.

"ಈಗ ಹಾಕೂಕೆ ಬತ್ತಿಲ್ಲ, ಅಲ್ದಾ?" ಎಂದರು ದೊಡ್ಡಪ್ಪ, ಏಳುತ್ತಾ.

ಬರುತ್ತದೆ ಎಂದೆ. ಕಂಪ್ಯೂಟರಿನಲ್ಲಿ ಅರ್ಜಿ ಇದ್ದೇ ಇತ್ತು. ಒಂದು ಪ್ರತಿ ತೆಗೆದು ಓದಿ ಹೇಳಿದೆ. 'ನಮ್ಮ ನೀರಿಗೆ ಬಂದಾಗ ನಾವೂ ಅದನ್ನು ಬಿಡುತ್ತೇವೆ' ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ಸಾಕು ಎಂದರು. ಅವರಿಗೆ ಸಹಿ ಬರುತ್ತದೆ. ಆದರೆ ಅಂದು ಪೆನ್ನು ಬದಿಗಿಟ್ಟು ಹೆಬ್ಬೆಟ್ಟು ಒತ್ತಿದರು.

ಆ ಹಾಳೆಯನ್ನು ಮರುದಿನವೇ ಅಂಚೆಗೆ ಹಾಕಿದೆ. ಅದನ್ನು ಯಾರು ಓದಿದರೋ, ಓದಿದರೋ ಇಲ್ಲವೋ ಗೊತ್ತಿಲ್ಲ. ದೂರದ ಸಮುದ್ರಗಳಲ್ಲಿ ಆ ಹಡಗುಗಳು ಇನ್ನೂ ಹೊರಡುತ್ತಿವೆ ಎಂದು ಆಗಾಗ ಪೇಪರಿನಲ್ಲಿ ನೋಡುತ್ತೇನೆ. ದೊಡ್ಡಪ್ಪ ಈಗ ಕೆಲವೊಮ್ಮೆ ಅಂಗಡಿಗೆ ಬಂದು ಕೂರುತ್ತಾರೆ. ಉತ್ತರ ಬಂತಾ ಎಂದು ಕೇಳುತ್ತಾರೆ. ಇನ್ನೂ ಇಲ್ಲ ಎನ್ನುತ್ತೇನೆ. ಅವರು ಕೇಳುತ್ತಿರುವುದು ಅರ್ಜಿಯ ಉತ್ತರವನ್ನಲ್ಲ ಎಂದು ನನಗೆ ಗೊತ್ತು. ಆ ಉತ್ತರ ಕೊಡಬೇಕಾದ ಮಾಮ ಓಣಿಯ ಈ ತುದಿಯಲ್ಲಿ ಈಗ ಇಲ್ಲ.